ಲೂಸ್ ಪುಲ್ಲಿಯ ಮೇಲೆ ವಿಮಾನ

ವಿಮಾನದೊಳಗೆ ಕುಳಿತು ಜೋರಾಗಿ ಆಡಬಾರದ ಮಾತುಗಳಲ್ಲಿ 'ಗುಂಡು' ಎಂಬುದೂ ಒಂದು. ನಮ್ಮ ಸೋದರಮಾವನಿಗೆ ಇದು ಗೊತ್ತಿರಲಿಲ್ಲ. ದಾವಣಗೆರೆಯಿಂದ ಬೆಳಗಿನ ಜಾವ ಕಾರು ಹತ್ತಿ, ಶಿವಮೊಗ್ಗದ ಸೋಗಾನೆಗೆ ಬಂದು, ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಏರಿದವರು ಅವರು. ಬೆಂಗಳೂರಿನಲ್ಲಿ ಮಗಳ ಮನೆಯ ಗೃಹಪ್ರವೇಶ. ಮೊದಲು ಶಿವಮೊಗ್ಗಕ್ಕೆ ಹೋಗಿ ಅಲ್ಲಿಂದ ಹಾರುವ ಬದಲು ನೆಟ್ಟಗೆ ರೈಲು ಹತ್ತಿದರೆ ಅಷ್ಟೇ ಹೊತ್ತಿಗೆ ತಲುಪುತ್ತೇವೆ ಎಂದು ಅತ್ತೆ ಬೆರಳು ಮಡಿಚಿ ಲೆಕ್ಕ ಹೇಳಿದರೂ ಮಾವ ಕೇಳಲಿಲ್ಲ. ರೆಕ್ಕೆ ಮೇಲಿರುವ, ಫ್ಯಾನು ತಿರುಗುವ ಸಣ್ಣ ವಿಮಾನ. ಕಿಟಕಿಯ ಪಕ್ಕ ಕುಳಿತರೆ ಕೆಳಗಿನ ಗಾಲಿಯೂ ಕಾಣಿಸುತ್ತದೆ. ನೆಲ ಬಿಟ್ಟ ಕೂಡಲೇ ಮಾವ ನನ್ನ ಮೊಣಕೈ ತಿವಿದು, "ಗಾಲಿ ನೋಡು, ನೆಲ ಬಿಟ್ಟ ಮೇಲೂ ತಿರುಗುತ್ತಿದೆ. ಲೂಸ್ ಪುಲ್ಲಿ!" ಎಂದರು. ನಾನು ನಕ್ಕೆ. ಆ ಮಾತಿನ ಹಿಂದೆ ನಮ್ಮಿಬ್ಬರದೊಂದು ಹಳೆಯ ಕಥೆಯಿದೆ, ಆಮೇಲೆ ಹೇಳುತ್ತೇನೆ. ಗಾಲಿ ಒಳಗೆ ಮಡಚಿಕೊಂಡಿತು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಟ್ಟಿನ ಗಿರಣಿಯ ಸದ್ದಿನ ಮೇಲೆ ಮಾತನಾಡಿ ಪಳಗಿದ ಗಂಟಲಿನಲ್ಲಿ ಕೇಳಿದರು: "ಅಲ್ಲ ಅಳಿಯ, ಈಗ ಇಲ್ಲಿ ಯಾರಾದರೂ ಒಂದು ಗುಂಡು ಹಾರಿಸಿದರೆ ವಿಮಾನ ಒಡೆದು ಚೂರಾಗುತ್ತದೆ ಅಲ್ಲವೇ?"

ಮುಂದಿನ ಎರಡು ಸಾಲಿನ ತಲೆಗಳು ತಿರುಗಿದವು. ಗಗನಸಖಿಯೂ ಒಮ್ಮೆ ನೋಡಿದಳು. ನಾನು ಹಲ್ಲು ಕಿರಿದು, "ಟಿವಿ ಕಾರ್ಯಕ್ರಮದ ವಿಷಯ" ಎಂದು ಯಾರೂ ಕೇಳದ ಸಮಜಾಯಿಷಿ ಕೊಟ್ಟೆ. ಮಾವನಿಗೆ ಮಾತ್ರ ಅನುಮಾನವೇ ಇರಲಿಲ್ಲ. "ನಾವಿಬ್ಬರೂ ಕೂತು ನೋಡಲಿಲ್ಲವೇ? ಗುಂಡು ಹೊಡೆದರು, ವಿಮಾನ ಢಂ ಎಂದಿತು. ನೀನೇ ಎಲ್ಲ ಬಿಡಿಸಿ ಹೇಳಿದ್ದೆ."

ನೋಡಿದ್ದು ನಿಜ. ಬಿಡಿಸಿ ಹೇಳಿದವನೂ ನಾನೇ. ಆದರೆ ಆ ಕಾರ್ಯಕ್ರಮ ತೋರಿಸಿದ್ದು ನೇರ ಉಲ್ಟಾ. ಗುಂಡು ಹೊಡೆದರೆ ವಿಮಾನ ಒಡೆಯುವುದಿಲ್ಲ ಎಂದು ಸಾಬೀತು ಮಾಡಲೆಂದೇ ಅವರು ಅಷ್ಟು ದುಡ್ಡು ಸುರಿದಿದ್ದರು. ಆ ದಿನದಿಂದ ಇದು ನನ್ನನ್ನು ಕೊರೆಯುತ್ತಿದೆ. ಒಂದು ಸುಳ್ಳನ್ನು ಕಣ್ಣೆದುರೇ ಪರೀಕ್ಷೆಗೆ ಒಡ್ಡಿ, ಅದು ಸೋತದ್ದನ್ನು ತೋರಿಸಿದ ಮೇಲೂ, ನೋಡಿದ ಮನುಷ್ಯ ಅದೇ ಸುಳ್ಳನ್ನು ಇನ್ನಷ್ಟು ಗಟ್ಟಿಯಾಗಿ ನಂಬಿಕೊಂಡು ಎದ್ದು ಹೋಗುವುದು ಹೇಗೆ?

ಗಿರಣಿಯ ಹಿಂದಿನ ಕೋಣೆ

ಮಾವ ಬಟ್ಟೆ ಮಿಲ್ಲಿನಲ್ಲಿ ಫಿಟರ್ ಆಗಿದ್ದವರು. ಮಿಲ್ಲು ಮುಚ್ಚಿದಾಗ ಕೈಗೆ ಬಂದ ಹಣದಲ್ಲಿ ನಿಟುವಳ್ಳಿಯ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಇಟ್ಟರು. ದಾವಣಗೆರೆಯ ಆ ತಲೆಮಾರಿನ ಎಷ್ಟೋ ಮನೆಗಳ ಕಥೆ ಇದೇ ಆದ್ದರಿಂದ ಹೆಚ್ಚು ಹೇಳುವುದಿಲ್ಲ. ನಾನು ಇಂಜಿನಿಯರಿಂಗ್ ಓದಲು ಊರಿಗೆ ಬಂದವನು ಅವರ ಮನೆಯಲ್ಲೇ ಉಳಿದೆ. ರಾತ್ರಿ ಗಿರಣಿ ನಿಲ್ಲಿಸಿ, ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಮಾವ ಹಿಂದಿನ ಕೋಣೆಗೆ ಬಂದು ಟಿವಿ ಹಾಕುತ್ತಿದ್ದರು. ಧಾರಾವಾಹಿ ಅತ್ತೆಯದು, ಒಂಬತ್ತೂವರೆಯ ಮೇಲೆ ರಿಮೋಟ್ ಮಾವನದು. ಅವರಿಗೆ ಡಿಸ್ಕವರಿ ವಾಹಿನಿ ಬೇಕು, ಅದರಲ್ಲೂ 'ಮಿತ್‌ಬಸ್ಟರ್ಸ್' ಬೇಕು. ಆಡಮ್ ಸ್ಯಾವೇಜ್ ಮತ್ತು ಜೇಮಿ ಹೈನಮನ್ ಎಂಬ ಇಬ್ಬರು ಅಮೆರಿಕದ ಕುಶಲಕರ್ಮಿಗಳು ನಡೆಸಿಕೊಡುತ್ತಿದ್ದ, 2003ರಲ್ಲಿ ಶುರುವಾದ ಕಾರ್ಯಕ್ರಮ ಅದು. ಜನ ನಂಬಿಕೊಂಡ ಮಾತುಗಳನ್ನು ವೆಲ್ಡಿಂಗ್ ಮಾಡಿ, ಒಡೆದು, ಸುಟ್ಟು ಪರೀಕ್ಷಿಸುವುದು ಅವರ ಕೆಲಸ. ಮೀಸೆಯ, ಟೊಪ್ಪಿಯ ಜೇಮಿಯನ್ನು ಮಾವ "ನಮ್ಮ ಫೋರ್‌ಮನ್" ಎಂದು ಕರೆಯುತ್ತಿದ್ದರು. ಅವನ ಉಪಕರಣಗಳ ಗೋಡೆ ಕಂಡಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದರು.

ನಮ್ಮ ಕೇಬಲ್‌ನಲ್ಲಿ ಅದು ಹಿಂದಿಯಲ್ಲಿ ಬರುತ್ತಿತ್ತು. ಮಾವನಿಗೆ ಪೇಟೆಯ ಉರ್ದು ಚೆನ್ನಾಗಿ ಬರುತ್ತದೆ. ಆದರೆ ಡಬ್ಬಿಂಗಿನ ಹಿಂದಿ ಬೇರೆಯೇ ಜಾತಿ. ಹಾಗಾಗಿ ನಾನು ದುಭಾಷಿ. ಆ ಕೆಲಸವನ್ನು ನಿಷ್ಠೆಯಿಂದ ಮಾಡಿದೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಗುಂಡಿನ ಕಂತು ಅಮೆರಿಕದಲ್ಲಿ ಮೊದಲು ಬಂದದ್ದು 2004ರಲ್ಲಿ. ನಾವು ನೋಡಿದ್ದು ಅದೆಷ್ಟನೆಯ ಮರುಪ್ರಸಾರವೋ. ಮರುಭೂಮಿಯಲ್ಲಿ ನಿಂತಿದ್ದ ನಿವೃತ್ತ ವಿಮಾನವೊಂದನ್ನು ಹಿಡಿದು, ಸಂದುಗೊಂದುಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿದರು. ಆಕಾಶಕ್ಕೆ ಹೋಗಬೇಕಾಗಿಲ್ಲ. ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ ತಾನೇ ಮುಖ್ಯ, ಅದನ್ನು ನೆಲದ ಮೇಲೇ ತರಬಹುದು. ಮಾವನಿಗೆ ಇದು ಬಹಳ ಹಿಡಿಸಿತು. "ಟ್ಯೂಬಿಗೆ ಗಾಳಿ ಹಾಕಿ ನೀರಿನಲ್ಲಿ ಮುಳುಗಿಸಿದ ಹಾಗೆ" ಎಂದರು. ಆಮೇಲೆ ದೂರದಿಂದ ನಿಯಂತ್ರಿಸುವ ಪಿಸ್ತೂಲಿನಿಂದ ಗೋಡೆಗೆ ಗುಂಡು ಹೊಡೆದರು. ಒಂದು ಸಣ್ಣ ತೂತು. ಗಾಳಿ ಸುಯ್ ಎಂದು ಹೋಯಿತು. ಅಷ್ಟೇ. ಕಿಟಕಿಗೂ ಹೊಡೆದರು, ಅಲ್ಲೂ ತೂತು. ಅಲ್ಲಿಗೆ ಪರೀಕ್ಷೆ ಮುಗಿದಿತ್ತು, ಸುಳ್ಳು ಸತ್ತಿತ್ತು.

ಆದರೆ ಟಿವಿಗೆ ಸುಯ್ ಸಾಲುವುದಿಲ್ಲ. ಹಾಗಾದರೆ ವಿಮಾನ ಒಡೆಯಲು ಏನು ಬೇಕು ಎಂದು ಕೇಳಿಕೊಂಡು, ಸ್ಫೋಟಕ ತಂದು ಗೋಡೆಗೆ ಅಂಟಿಸಿ ಹಾರಿಸಿಯೇ ಬಿಟ್ಟರು. ತಗಡು ಹರಿದು, ಆಸನ, ಗೊಂಬೆ, ಧೂಳು ಎಲ್ಲ ಒಂದಾಯಿತು. ಅದನ್ನೇ ನಿಧಾನವಾಗಿ, ಇನ್ನೊಂದು ಕೋನದಿಂದ, ಮತ್ತೊಂದು ಕೋನದಿಂದ ತೋರಿಸಿದರು. ಆ ಹೊತ್ತಿನಲ್ಲಿ ದುಭಾಷಿ ಏನು ಮಾಡುತ್ತಿದ್ದ? ಚಪ್ಪಾಳೆ ತಟ್ಟುತ್ತಿದ್ದ. "ಇದು ಗುಂಡಿನದಲ್ಲ ಮಾವ, ಇದು ಬೇರೆ" ಎಂಬ ಒಂದು ಸಾಲನ್ನು ನಾನು ಹೇಳಿದೆನೋ ಇಲ್ಲವೋ. ಹೇಳಿರಲಾರೆ. ಮಾತು ಕೇಳಿಸಿಕೊಂಡವರಿಗೆ ಅವು ಎರಡು ಪ್ರಯೋಗ. ಚಿತ್ರ ಮಾತ್ರ ನೋಡಿದವರಿಗೆ ಒಂದೇ ಕಥೆ: ಪಿಸ್ತೂಲು, ಆಮೇಲೆ ಢಂ.

ಹಿಂದಿ ಬಂದಿದ್ದರೆ ಮಾವ ಸರಿಯಾಗಿ ನೆನಪಿಡುತ್ತಿದ್ದರು ಎಂದು ಹೇಳುವ ಧೈರ್ಯವೂ ನನಗಿಲ್ಲ. ಹಿಂದಿ, ಇಂಗ್ಲಿಷ್ ಎರಡೂ ಬಲ್ಲ ಮೂವರು ಗೆಳೆಯರನ್ನು ಕೇಳಿದೆ. ಒಬ್ಬನಿಗೆ ತೂತು ನೆನಪಿತ್ತು. ಇನ್ನಿಬ್ಬರಿಗೆ ನೆನಪಿದ್ದದ್ದು ಸ್ಫೋಟ.

ಮುನ್ನೂರೈವತ್ತು ಗ್ರಾಂ

ಬೆಂಗಳೂರಿನಿಂದ ಬಂದ ಮೇಲೆ ಒಂದು ಭಾನುವಾರ ಗಿರಣಿಗೆ ಹೋಗಿ ಕುಳಿತೆ. ವಾದ ಮಾಡುವುದಕ್ಕಿಂತ ಲೆಕ್ಕ ಮಾಡುವುದು ಮೇಲು ಎನಿಸಿತ್ತು. ದೊಡ್ಡ ವಿಮಾನಗಳು ಮೂವತ್ತೈದು ಸಾವಿರ ಅಡಿಯಲ್ಲಿ ಹಾರುವಾಗ ಒಳಗಿನ ಗಾಳಿಯನ್ನು ಹೆಚ್ಚೆಂದರೆ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹಿಡಿದಿಡುತ್ತಾರೆ. ಒಳಗಿನಿಂದ ಹೊರಕ್ಕೆ ನೂಕುವ ಬಲ ಒಂದು ಚದರ ಸೆಂಟಿಮೀಟರಿಗೆ ಸುಮಾರು 0.56 ಕಿಲೋ. ಒಂಬತ್ತು ಮಿಲಿಮೀಟರಿನ ಗುಂಡು ಮಾಡುವ ತೂತಿನ ವಿಸ್ತೀರ್ಣ ಮುಕ್ಕಾಲು ಚದರ ಸೆಂಟಿಮೀಟರೂ ಇಲ್ಲ. ಗುಣಿಸಿದರೆ ಮುನ್ನೂರೈವತ್ತು ಗ್ರಾಂ ಚಿಲ್ಲರೆ. ಹಿಟ್ಟಿನ ಚೀಲದ ಹಿಂಬದಿಯ ಮೇಲೆ ಬರೆದು ತೋರಿಸಿದೆ. ಮಾವ ಕಾಗದ ನೋಡಲಿಲ್ಲ. ತಕ್ಕಡಿಯ ಪಕ್ಕದಿಂದ ಇನ್ನೂರರದು, ನೂರರದು, ಐವತ್ತರದು, ಮೂರು ತೂಕದ ಕಲ್ಲುಗಳನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ತೂಗಿದರು. "ಇಷ್ಟೇನಾ? ಇದಕ್ಕೆ ಬೆರಳು ಅಡ್ಡ ಇಟ್ಟರೆ ಸಾಕಲ್ಲ."

ಸಾಕು. ಅದೂ ಅಲ್ಲದೆ, ವಿಮಾನದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ತೂತು ಮೊದಲೇ ಇರುತ್ತದೆ. ಇಂಜಿನ್‌ಗಳಿಂದ ಸದಾ ಹೊಸ ಗಾಳಿ ಒಳಗೆ ಬರುತ್ತಿರುತ್ತದೆ, ಒಂದು ಕವಾಟದ ಮೂಲಕ ಹಳೆಯದು ಸದಾ ಹೊರಗೆ ಹೋಗುತ್ತಿರುತ್ತದೆ. ಗುಂಡಿನ ತೂತು ಬಿದ್ದರೆ ಆ ಕವಾಟ ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಅಷ್ಟೇ. ಇದೇ ಲೆಕ್ಕವನ್ನು ಬಾಗಿಲಿಗೆ ಹಾಕಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಚದರ ಮೀಟರಿಗೆ ಐದೂವರೆ ಟನ್. ಅದಕ್ಕೇ ಹಾರುವ ಎತ್ತರದಲ್ಲಿ ಯಾವ ಪೈಲ್ವಾನನೂ ಬಾಗಿಲು ತೆಗೆಯಲಾರ. 2023ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದಲ್ಲಿ ಒಬ್ಬ ಪ್ರಯಾಣಿಕ ತೆಗೆದೇಬಿಟ್ಟ ಎಂದರೆ, ಆಗ ವಿಮಾನ ಇಳಿಯುತ್ತಾ ನೆಲದಿಂದ ಇನ್ನೂರು ಚಿಲ್ಲರೆ ಮೀಟರ್ ಎತ್ತರಕ್ಕೆ ಬಂದಿತ್ತು, ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಒಂದೇ ಆಗಿತ್ತು.

"ಹಾಗಾದರೆ ವಿಮಾನ ಯಾವುದರಿಂದ ಒಡೆಯುತ್ತದೆ?" ಎಂದರು ಮಾವ. ಇದು ಫಿಟರ್‌ನ ಪ್ರಶ್ನೆ. ನನಗೆ ಎರಡು ಕಥೆ ಗೊತ್ತಿತ್ತು. ಒಂದು ಹವಾಯಿಯದು. 1988ರ ಏಪ್ರಿಲ್ 28ರಂದು ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737 ಇಪ್ಪತ್ನಾಲ್ಕು ಸಾವಿರ ಅಡಿಯಲ್ಲಿದ್ದಾಗ ಮುಂಭಾಗದ ಚಾವಣಿಯೇ ಐದೂವರೆ ಮೀಟರ್ ಉದ್ದಕ್ಕೆ ಕಿತ್ತುಕೊಂಡು ಹೋಯಿತು. ಒಬ್ಬ ಗಗನಸಖಿ ಹೊರಗೆ ಎಸೆಯಲ್ಪಟ್ಟು ತೀರಿಕೊಂಡರು. ಉಳಿದ 94 ಮಂದಿ, ತಲೆಯ ಮೇಲೆ ಬರಿಯ ಆಕಾಶ ಹೊತ್ತುಕೊಂಡು, ಜೀವಂತ ಇಳಿದರು. ಗುಂಡಿಲ್ಲ, ಬಾಂಬಿಲ್ಲ. ದ್ವೀಪದಿಂದ ದ್ವೀಪಕ್ಕೆ ಪುಟ್ಟ ಪುಟ್ಟ ಹಾರಾಟ, ಸುಮಾರು ತೊಂಬತ್ತು ಸಾವಿರ ಸಲ. ಪ್ರತಿ ಸಲವೂ ಹೊಟ್ಟೆ ಉಬ್ಬಿ ಇಳಿದು, ಜೊತೆಗೆ ಉಪ್ಪುಗಾಳಿ ತಿಂದು, ತಗಡಿನ ಜೋಡಣೆಯ ರಿವೆಟ್ ಸಾಲಿನಲ್ಲಿ ಬಿರುಕುಗಳು ಬೆಳೆದಿದ್ದವು.

ಎರಡನೆಯದು ಮಾವನಿಗೆಂದೇ ತೆಗೆದಿಟ್ಟದ್ದು. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸಿನ ವಿಮಾನವೊಂದರ ಮುಂದಿನ ಗಾಜು ಹದಿನೇಳು ಸಾವಿರ ಅಡಿಯಲ್ಲಿ ಹಾರಿಹೋಗಿ, ಕ್ಯಾಪ್ಟನ್ ಸೊಂಟದವರೆಗೆ ಹೊರಗೆ ಸೆಳೆಯಲ್ಪಟ್ಟರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಸಹಪೈಲಟ್ ಇಳಿಸಿದರು. ಕ್ಯಾಪ್ಟನ್ ಬದುಕಿಕೊಂಡರು. ಆ ಗಾಜನ್ನು ಹಿಂದಿನ ದಿನವಷ್ಟೇ ಹೊಸದಾಗಿ ಕೂರಿಸಿದ್ದರು. ತೊಂಬತ್ತು ಬೋಲ್ಟುಗಳಲ್ಲಿ ಎಂಬತ್ನಾಲ್ಕು ಇರಬೇಕಾದ್ದಕ್ಕಿಂತ ಒಂದು ಮಿಲಿಮೀಟರಿಗೂ ಕಡಿಮೆ, 0.66 ಮಿಲಿಮೀಟರಿನಷ್ಟು ತೆಳ್ಳಗಿದ್ದವು. ಇಷ್ಟು ಹೇಳುವಷ್ಟರಲ್ಲಿ ಮಾವ ಕೈ ಎತ್ತಿ ತಡೆದರು. "ಹಳೆಯ ಬೋಲ್ಟು ಪಕ್ಕದಲ್ಲಿ ಹಿಡಿದು ಕಣ್ಣಳತೆಯಲ್ಲೇ ಆರಿಸಿಕೊಂಡಿರುತ್ತಾನೆ. ನಂಬರು ನೋಡಿರುವುದಿಲ್ಲ." ತನಿಖೆಯಲ್ಲಿ ಸಿಕ್ಕಿದ್ದೂ ಅದೇ. ನಾನು ಓದಿ ತಿಳಿದದ್ದನ್ನು ಅವರು ಬೀಸುವ ಕಲ್ಲಿನ ಮೇಲೆ ಮೊಣಕೈ ಊರಿಕೊಂಡೇ ಹೇಳಿದರು.

ಕಣ್ಣಳತೆಯಲ್ಲಿ ಆರಿಸಿದ ಬೋಲ್ಟನ್ನು ಟಿವಿ ಹೇಗೆ ತೋರಿಸೀತು? ತೊಂಬತ್ತು ಸಾವಿರ ಸಲ ಉಬ್ಬಿ ಇಳಿಯುವ ತಗಡನ್ನು ಒಂದು ಗಂಟೆಯ ಕಂತಿನಲ್ಲಿ, ಜಾಹೀರಾತುಗಳ ನಡುವೆ ಯಾರು ನೋಡಿಯಾರು? ಮಿತ್‌ಬಸ್ಟರ್ಸಿನವರ ಮೇಲೆ ನನಗೆ ದೂರಿಲ್ಲ. ಮಾವನಿಗೆ ಅವರು ಕೊಟ್ಟ ರಾತ್ರಿಗಳನ್ನು ನಾನು ಮರೆಯಲಾರೆ. ಆದರೂ ಕೊನೆಯ ಆ ಸ್ಫೋಟ ಬೇಡವಾಗಿತ್ತು ಎಂದು ಈಗ ಅನಿಸುತ್ತದೆ. ಅದಿಲ್ಲದಿದ್ದರೆ ನಾವು ನೋಡುತ್ತಿದ್ದೆವೇ ಎಂದು ಕೇಳಿದರೆ, ಬಹುಶಃ ಇಲ್ಲ.

ಪಟ್ಟಾ

ಈಗ ಲೂಸ್ ಪುಲ್ಲಿಗೆ ಬರೋಣ. 2008ರ ಜನವರಿಯಲ್ಲಿ ಅಮೆರಿಕದಲ್ಲಿ ಮೊದಲು ಬಂದ ಇನ್ನೊಂದು ಕಂತಿನಲ್ಲಿ ಅವರು ಎತ್ತಿಕೊಂಡದ್ದು ಬಹಳ ಜಗಳ ತಂದ ಒಗಟು. ಉದ್ದನೆಯ ಚಲಿಸುವ ಪಟ್ಟಾದ ಮೇಲೆ ವಿಮಾನ ನಿಂತಿದೆ. ವಿಮಾನ ಮುಂದೆ ಹೋಗಲು ನೋಡಿದಷ್ಟೇ ವೇಗದಲ್ಲಿ ಪಟ್ಟಾ ಹಿಂದಕ್ಕೆ ಓಡುತ್ತದೆ. ವಿಮಾನ ಏಳುತ್ತದೆಯೋ ಇಲ್ಲವೋ? (ಗಾಲಿ ತಿರುಗುವ ವೇಗಕ್ಕೇ ಪಟ್ಟಾ ಸಮ ಮಾಡಬೇಕು ಎಂದು ಒಗಟನ್ನು ತಿರುಚಿ ಹೇಳುವವರಿದ್ದಾರೆ. ಆಗ ಅದು ವಿಮಾನದ ಪ್ರಶ್ನೆಯಾಗಿ ಉಳಿಯುವುದಿಲ್ಲ, ವಕೀಲರ ಪ್ರಶ್ನೆಯಾಗುತ್ತದೆ.) ಅವರು ಮೊದಲು ವ್ಯಾಯಾಮದ ಟ್ರೆಡ್‌ಮಿಲ್ ಮೇಲೆ ಆಟಿಕೆಯ ವಿಮಾನ ಇಟ್ಟು ನೋಡಿದರು. ಆಮೇಲೆ ಒಬ್ಬನೇ ಕೂರುವ ಹಗುರ ವಿಮಾನ ತಂದು, ಅದರಡಿಯಲ್ಲಿ ಉದ್ದನೆಯ ಟಾರ್ಪಾಲಿನಂಥ ಬಟ್ಟೆ ಹಾಸಿ, ಆ ಬಟ್ಟೆಯನ್ನು ಪಿಕಪ್ ಗಾಡಿಗೆ ಕಟ್ಟಿ ಹಿಂದಕ್ಕೆ ಎಳೆದರು.

ಜಾಹೀರಾತು ಬಂತು. ಆ ಬಿಡುವಿನಲ್ಲಿ ನಡೆದದ್ದು, ನನಗೆ ನೆನಪಿರುವಂತೆ, ಹೀಗೆ. ನಾನು ಏಳುತ್ತದೆ ಎಂದೆ. ಅತ್ತೆಯ ತಮ್ಮನೊಬ್ಬ ಬಂದಿದ್ದ, ಅವನು ಸಾಧ್ಯವೇ ಇಲ್ಲ, ನಿಂತಲ್ಲೇ ನಿಲ್ಲುತ್ತದೆ ಎಂದ. ಮಾವ ಏನೂ ಹೇಳದೆ ಎದ್ದು ನಮ್ಮನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ ಗಿರಣಿಯ ಮೋಟಾರು ಹಾಕಿದರು. ಹಿಟ್ಟಿನ ಗಿರಣಿಯ ಒಳಗನ್ನು ಗಮನಿಸಿದವರಿಗೆ ಗೊತ್ತಿರುತ್ತದೆ: ಕಲ್ಲಿನ ಶಾಫ್ಟಿನ ಮೇಲೆ ಎರಡು ಪುಲ್ಲಿಗಳು ಅಕ್ಕಪಕ್ಕ ಇರುತ್ತವೆ. ಒಂದನ್ನು ಶಾಫ್ಟಿಗೆ ಕೀಲಿ ಹೊಡೆದು ಕೂರಿಸಿರುತ್ತಾರೆ, ಅದು ಫಾಸ್ಟ್ ಪುಲ್ಲಿ. ಇನ್ನೊಂದು ಶಾಫ್ಟಿನ ಮೇಲೆ ತನ್ನಷ್ಟಕ್ಕೆ ತಿರುಗುವ ಲೂಸ್ ಪುಲ್ಲಿ. ಪಟ್ಟಾ ಲೂಸ್ ಪುಲ್ಲಿಯ ಮೇಲಿದ್ದರೆ ಮೋಟಾರು ಎಷ್ಟೇ ಓಡಲಿ, ಕಲ್ಲು ಅಲುಗುವುದಿಲ್ಲ. ಮರದ ಕೋಲಿನಿಂದ ಪಟ್ಟಾವನ್ನು ಪಕ್ಕಕ್ಕೆ ಸರಿಸಿದಾಗ ಬೀಸುವುದು ಶುರು. ಮಾವ ಪಟ್ಟಾವನ್ನು ಲೂಸ್ ಪುಲ್ಲಿಯ ಮೇಲೆ ಓಡಲು ಬಿಟ್ಟು, ಬರಿಗೈಯಲ್ಲಿ ಶಾಫ್ಟಿನ ತುದಿಯನ್ನು ಎರಡು ಬೆರಳಿನಿಂದ ಹಿಡಿದುಕೊಂಡರು. ಪುಲ್ಲಿ ಹುಚ್ಚು ಹಿಡಿದಂತೆ ತಿರುಗುತ್ತಿತ್ತು. ಶಾಫ್ಟು ಬೆರಳಿನ ನಡುವೆ ಸುಮ್ಮನೆ ನಿಂತಿತ್ತು. "ಬಸ್ಸಿನ ಗಾಲಿ ಫಾಸ್ಟ್ ಪುಲ್ಲಿ. ಅದು ನೆಲವನ್ನು ಒದ್ದು ಬಸ್ಸನ್ನು ನೂಕುತ್ತದೆ. ವಿಮಾನದ ಗಾಲಿಗೆ ಇಂಜಿನ್ನಿನ ಸಂಬಂಧವೇ ಇಲ್ಲ. ನೂಕುವುದು ಮೇಲಿನ ಫ್ಯಾನು, ಅದು ಹಿಡಿದಿರುವುದು ಗಾಳಿಯನ್ನು. ಕೆಳಗೆ ಪಟ್ಟಾ ಹಿಂದಕ್ಕಾದರೂ ಓಡಲಿ, ಮುಂದಕ್ಕಾದರೂ ಓಡಲಿ, ಅದಕ್ಕೇನು?"

ಆ ಒಗಟಿನ ಬಗ್ಗೆ ಅದಕ್ಕಿಂತ ಚೊಕ್ಕವಾದ ವಿವರಣೆಯನ್ನು ನಾನು ಇವತ್ತಿನವರೆಗೆ ಓದಿಲ್ಲ. ಒಳಗೆ ಬರುವಷ್ಟರಲ್ಲಿ ಜಾಹೀರಾತು ಮುಗಿದಿತ್ತು. ಪಿಕಪ್ ಗಾಡಿ ಒಂದು ಕಡೆ ಓಡಿತು, ವಿಮಾನ ಇನ್ನೊಂದು ಕಡೆ ಓಡಿ, ಏನೂ ಆಗಿಲ್ಲವೆಂಬಂತೆ ಎದ್ದು ಹಾರಿತು. ನನಗೆ ತುಂಬ ಇಷ್ಟವಾದ ಸಂಗತಿ ಎಂದರೆ, ಅದನ್ನು ಓಡಿಸಿದ ಪೈಲಟ್‌ಗೇ ಅದು ಏಳುತ್ತದೆ ಎಂಬ ನಂಬಿಕೆ ಇರಲಿಲ್ಲ. ದಿನವೂ ಹಾರುವವನು, ಹಾರುವ ಕ್ಷಣದವರೆಗೂ, ತಾನು ನಿಂತಲ್ಲೇ ಕಲ್ಲಿನಂತೆ ಕೂರುತ್ತೇನೆ ಎಂದುಕೊಂಡಿದ್ದ. ನಮ್ಮ ಮೈಗೆ ಗೊತ್ತಿರುವುದು ಎತ್ತಿನ ಗಾಡಿ, ಸೈಕಲ್ಲು, ಬಸ್ಸು. ಮುಂದೆ ಹೋಗುವುದು ಎಂದರೆ ನೆಲದ ಜೊತೆಗಿನ ವ್ಯವಹಾರ ಎಂದೇ ಅದು ಕಲಿತಿದೆ. ಗಾಳಿಯನ್ನು ಹಿಡಿದು ಹೋಗುವುದನ್ನು ಬುದ್ಧಿಗೆ ಹೇಳಬಹುದು, ಮೈಗೆ ಹೇಳುವುದು ಕಷ್ಟ.

ಇಂಜಿನ್ ಆರಿದರೆ ವಿಮಾನ ಕಲ್ಲಿನಂತೆ ಬೀಳುತ್ತದೆ ಎಂಬುದೂ ಇದೇ ಮೈ ಹೇಳುವ ಮಾತು. ಇದನ್ನು ಪರೀಕ್ಷಿಸಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ನಮ್ಮ ಚಳ್ಳಕೆರೆಯೇ ಸಾಕು. ಕುದಾಪುರದ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋದವರು 'ಪುಷ್ಪಕ್' ಎಂಬ ರೆಕ್ಕೆಯ, ಮರುಬಳಕೆಯ ಬಾಹ್ಯಾಕಾಶ ವಾಹನದ ಮಾದರಿಯನ್ನು ಚಿನೂಕ್ ಹೆಲಿಕಾಪ್ಟರಿಗೆ ತೂಗುಹಾಕಿಕೊಂಡು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟುಬಿಟ್ಟರು. 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ. ನೂಕಲು ಇಂಜಿನ್ ಇಲ್ಲ, ಒಳಗೆ ಪೈಲಟ್ ಇಲ್ಲ. ಮೂರನೆಯ ಸಲ ಬೇಕೆಂದೇ ರನ್‌ವೇಯ ನೇರದಿಂದ ಅರ್ಧ ಕಿಲೋಮೀಟರ್ ಪಕ್ಕಕ್ಕೆ ಬಿಟ್ಟರೂ ಅದು ತಾನೇ ತಿರುಗಿ, ಗಂಟೆಗೆ 320 ಕಿಲೋಮೀಟರ್ ಮೀರಿದ ವೇಗದಲ್ಲಿ ಗಾಲಿ ಊರಿತು. ಮಾವ ಅದನ್ನು ವಾರ್ತೆಯಲ್ಲಿ ನೋಡಿ ನನಗೆ ಫೋನ್ ಮಾಡಿದ್ದರು. ಅದೇ ಬಯಲಿನಿಂದ ಹಾರಿದ ತಪಸ್ ಡ್ರೋನ್ 2019ರಲ್ಲಿ ಜೋಡಿಚಿಕ್ಕೇನಹಳ್ಳಿಯಲ್ಲೂ 2023ರಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿಯೂ ಬಿದ್ದದ್ದು ಅವರಿಗೆ ಇನ್ನೂ ಚೆನ್ನಾಗಿ ನೆನಪಿದೆ ಎಂಬುದನ್ನೂ ಹೇಳಬೇಕು. ಬಿದ್ದದ್ದರ ಮುಂದೆ ಇಳಿದದ್ದು ಯಾವಾಗಲೂ ಸ್ವಲ್ಪ ಸಪ್ಪೆ.

ಸ್ವಿಚ್ ಬೋರ್ಡಿನ ಕೆಳಗೆ

ಆ ಭಾನುವಾರವೇ, ತೂಕದ ಕಲ್ಲುಗಳನ್ನು ಕೆಳಗಿಟ್ಟ ಮೇಲೆ, ಗುಂಡಿನ ಆ ತುಣುಕನ್ನು ಮೊಬೈಲಿನಲ್ಲಿ ಹುಡುಕಿ ಮಾವನ ಮುಂದೆ ಹಿಡಿದೆ. ಕನ್ನಡಕ ಒರೆಸಿಕೊಂಡು ನೋಡಿದರು. ಪಿಸ್ತೂಲು, ತೂತು, ಸುಯ್. ಎರಡು ಸಲ ನೋಡಿದರು. ಆಮೇಲೆ ಮೊಬೈಲನ್ನು ನನಗೆ ವಾಪಸು ಕೊಟ್ಟು, "ಇದು ಸರಿಯಾಗಿದೆ. ಆದರೆ ನಾವು ನೋಡಿದ್ದು ಇದಲ್ಲ" ಎಂದರು.

"ಇದೇ ಮಾವ."

"ಅಲ್ಲಪ್ಪ. ನಿನಗೆ ಮರೆತಿದೆ. ನಿನಗೆ ಮರೆವು ಜಾಸ್ತಿ."

ನನಗೆ ರೇಗಿತು. ಹದಿನಾರು ವರ್ಷದ ಹಿಂದಿನ ಪಟ್ಟಾದ ಒಗಟಿನಲ್ಲಿ ಯಾರು ಏನು ಹೇಳಿದರು ಎಂಬುದನ್ನೂ ಮಾತು ಮಾತಿಗೆ ಒಪ್ಪಿಸಬಲ್ಲೆ ಎಂದೆ. ಮೊದಲಿಗೇ ಏಳುತ್ತದೆ ಎಂದವನು ನಾನು ಎಂದೂ ಸೇರಿಸಿದೆ. ಬಾಗಿಲಲ್ಲಿ ಜೋಳದ ಡಬ್ಬಿ ಹಿಡಿದು ನಿಂತಿದ್ದ ಅತ್ತೆ ಜೋರಾಗಿ ನಕ್ಕರು. ಮಾವ ನಗಲಿಲ್ಲ. ಎದ್ದು ಹೋಗಿ, ಸ್ವಿಚ್ ಬೋರ್ಡಿನ ಕೆಳಗೆ ನೇತುಹಾಕಿದ್ದ ಜರಡಿಯನ್ನು ಪಕ್ಕಕ್ಕೆ ಸರಿಸಿ, ಅಂಗೈಯಿಂದ ಗೋಡೆಯ ಮೇಲಿನ ಹಿಟ್ಟು ಒರೆಸಿದರು. ಸುಣ್ಣದ ಕುಂಚ ಎಂದೂ ತಲುಪದ ಮೂಲೆ ಅದು. ಬೀಸಿದ್ದರ ಬಾಕಿ ಲೆಕ್ಕಗಳನ್ನು ಅವರು ಪೆನ್ಸಿಲಿನಲ್ಲಿ ಅಲ್ಲೇ ಬರೆದಿಡುತ್ತಿದ್ದರು. ಗೋಧಿ ಐದು ಕಿಲೋ, ರಾಗಿ ಹತ್ತು, ಯಾರದೋ ಹನ್ನೆರಡು ರೂಪಾಯಿ. ಅವುಗಳ ನಡುವೆ, ಅವರ ದುಂಡನೆಯ ಅಕ್ಷರದಲ್ಲಿ, ನನ್ನ ಹೆಸರು. ಅದರ ಮುಂದೆ: "ವಿಮಾನ ಏಳುವುದಿಲ್ಲ. ಪಂಥ, ಮಿರ್ಚಿ ಮಂಡಕ್ಕಿ 1 ಪ್ಲೇಟ್." ಅತ್ತೆಯ ತಮ್ಮನ ಹೆಸರು ಎಲ್ಲೂ ಇರಲಿಲ್ಲ. ಅವನು ಆ ರಾತ್ರಿ ಬಂದೇ ಇರಲಿಲ್ಲ ಎಂದು ಅತ್ತೆ ಹೇಳಿದರು.

ನಾನು ಗೋಡೆಯನ್ನೇ ನೋಡುತ್ತಾ ನಿಂತೆ. ಎಷ್ಟು ಕಡೆ ಹೇಳಿದ್ದೇನೆ ಆ ಕಥೆಯನ್ನು. ಕೆಲಸದ ಸಂದರ್ಶನವೊಂದರಲ್ಲೂ ಹೇಳಿದ್ದೇನೆ. ಈಗಲೂ ಕಣ್ಣು ಮುಚ್ಚಿದರೆ "ಏಳುತ್ತದೆ" ಎಂದ ನನ್ನದೇ ದನಿ ಕೇಳಿಸುತ್ತದೆ. ಎದುರಿಗೆ ಇಲ್ಲದ ಒಬ್ಬ ಮನುಷ್ಯ ಕುಳಿತು ವಾದ ಮಾಡುತ್ತಾನೆ, ಅವನ ಅಂಗಿಯ ಬಣ್ಣವೂ ಕಾಣಿಸುತ್ತದೆ.

"ಬಾಕಿ ಹದಿನಾರು ವರ್ಷದ್ದು, ಬಡ್ಡಿ ಎಷ್ಟಾಯಿತು?" ಎಂದೆ.

ಮಾವ ಜರಡಿಯನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದರು. "ಬಡ್ಡಿ ಬೇಡ. ಈರುಳ್ಳಿ ಜಾಸ್ತಿ ಹಾಕಿಸಿಕೊಂಡು ಬಾ."